ತಲೆಯೊಳಗೆ ಜುಯ್ ಜುಯ್ ಶಬ್ದ, ಎರಡು ತಿಂಗಳಾಯಿತು. ಯಾರಿಗಾದರೂ ಹೀಗೆ ಆಗಿದೆಯಾ?

ಹೊಲಿಗೆಮನೆ

ಎಲ್ಲರಿಗೂ ನಮಸ್ಕಾರ. ನನ್ನದು ತಿಪಟೂರು ಕಡೆ. ವಯಸ್ಸು 38. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ.

ಎರಡು ತಿಂಗಳಿಂದ ತಲೆಯೊಳಗೆ ಒಂದು ಶಬ್ದ ಕೇಳುತ್ತಿದೆ. ಕಿವಿಯಲ್ಲಿ ಅನ್ನಬೇಕೋ, ತಲೆಯಲ್ಲಿ ಅನ್ನಬೇಕೋ ಗೊತ್ತಾಗುತ್ತಿಲ್ಲ. ಬಲಗಡೆ ಸ್ವಲ್ಪ ಜಾಸ್ತಿ. ಜುಯ್... ಜುಯ್... ಅಂತ, ದೂರದ ಕುಲುಮೆಯಲ್ಲಿ ಯಾರೋ ತಿದಿ ಒತ್ತುತ್ತಿರುವ ಹಾಗೆ. ಹಗಲು ಮಿಷನ್ ಸದ್ದಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ. ರಾತ್ರಿ ದಿಂಬಿಗೆ ತಲೆ ಇಟ್ಟರೆ ಶುರು.

ಮೊದಲ ವಾರ ಪಕ್ಕದ ಮನೆಯ ಮೋಟರ್ ಅಂದುಕೊಂಡಿದ್ದೆ. ಫ್ರಿಜ್ ಇರಬಹುದು ಅಂತ ಯಜಮಾನರನ್ನು ಎಬ್ಬಿಸಿ ಆಫ್ ಮಾಡಿಸಿದೆ. ಆಮೇಲೆ ಮೇನ್ ಸ್ವಿಚ್ಚನ್ನೇ ಇಳಿಸಿದೆವು. ಕತ್ತಲಲ್ಲಿ ಇಬ್ಬರೂ ಕೂತು ಕೇಳಿಸಿಕೊಂಡೆವು. ಅವರಿಗೆ ಏನೂ ಕೇಳಲಿಲ್ಲ. ನನಗೆ ಇನ್ನೂ ಜೋರಾಗಿ ಕೇಳಿತು. ಆವತ್ತು ತುಂಬಾ ಹೆದರಿಬಿಟ್ಟೆ.

ಒಬ್ಬ ಡಾಕ್ಟರಿಗೆ ತೋರಿಸಿದೆ. ಕಿವಿಯಲ್ಲಿ ಲೈಟ್ ಬಿಟ್ಟು ನೋಡಿದರು. ಗುಗ್ಗೆ ಇಲ್ಲ, ತಮಟೆ ಚೆನ್ನಾಗಿದೆ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಅಂದರು. ವಿಟಮಿನ್ ಮಾತ್ರೆ ಬರೆದುಕೊಟ್ಟರು. ನಮ್ಮ ಅತ್ತೆ ತಾಯತ ಕಟ್ಟಿಸೋಣ ಅನ್ನುತ್ತಿದ್ದಾರೆ. ಯಜಮಾನರು ಗಮನ ಕೊಡಬೇಡ, ಹೋಗುತ್ತೆ ಅನ್ನುತ್ತಾರೆ. ನನಗೇನಾದರೂ ಬುದ್ಧಿ ಕೆಡುತ್ತಿದೆಯಾ ಅನ್ನೋ ಭಯ. ಯಾವ ಡಾಕ್ಟರ ಹತ್ತಿರ ಹೋಗಬೇಕು? ದಯವಿಟ್ಟು ಗೊತ್ತಿರುವವರು ಹೇಳಿ.

ಜೀರುಂಡೆ_ಶಿರಸಿ

ಅಕ್ಕ, ಬುದ್ಧಿ ಕೆಡುತ್ತಿಲ್ಲ. ಮೊದಲು ಆ ಭಯ ಬಿಡಿ. ನನಗೆ ಆರು ವರ್ಷದಿಂದ ಎರಡೂ ಕಿವಿಯಲ್ಲಿ ಕೀ... ಅನ್ನುವ ಶಬ್ದ ಇದೆ. ಇದಕ್ಕೆ ಟಿನ್ನಿಟಸ್ ಅನ್ನುತ್ತಾರೆ, ಕಿವಿಮೊರೆತ. ನಮ್ಮೂರಲ್ಲಿ ಸಂಜೆಯಾದರೆ ಜೀರುಂಡೆ ಸದ್ದು ಇದ್ದೇ ಇರುತ್ತದೆ. ಹಾಗಾಗಿ ಎಷ್ಟೋ ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದು, ಮೂರನೇ ಮಹಡಿಯ ರೂಮಿನಲ್ಲಿ ಬಾಗಿಲು ಹಾಕಿ ಮಲಗಿದ ದಿನ ಗೊತ್ತಾಯಿತು. ಜೀರುಂಡೆ ನನ್ನ ಜೊತೆಗೇ ಬಂದಿತ್ತು.

ಪರೀಕ್ಷೆ ಮಾಡಿಸಿದಾಗ ಕಿವಿ ಸ್ವಲ್ಪ ಮಂದ ಆಗಿದೆ ಅಂತ ಬಂತು. ಇದಕ್ಕೆ ಮಾತ್ರೆ ಇಲ್ಲ, ಅಭ್ಯಾಸ ಆಗುತ್ತದೆ ಅಂದರು. ನಿಜಕ್ಕೂ ಅಭ್ಯಾಸ ಆಗಿದೆ. ಈಗ ನಾನಾಗಿ ಹುಡುಕಿದರೆ ಮಾತ್ರ ಕೇಳುತ್ತದೆ. ನೀವೂ ತಲೆ ಕೆಡಿಸಿಕೊಳ್ಳಬೇಡಿ. ಮಲಗುವಾಗ ಫ್ಯಾನ್ ಹಾಕಿಕೊಳ್ಳಿ, ಸಾಕು.

ಬೇವಿನಮರ

ತಂಗಿ, ಎಳ್ಳೆಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಕಿವಿಗೆ ಎರಡು ತೊಟ್ಟು ಹಾಕು. ನಮ್ಮಮ್ಮ ಹಾಗೇ ಮಾಡುತ್ತಿದ್ದರು. ವಾತದಿಂದ ಹೀಗಾಗುತ್ತೆ.

ಕಿವಿಮಾತು

ಬೇವಿನಮರ ಅಣ್ಣ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ಎಣ್ಣೆ ಮಾತ್ರ ಬೇಡ. ತಮಟೆಯಲ್ಲಿ ಕಾಣದಷ್ಟು ಸಣ್ಣ ತೂತು ಇದ್ದರೂ ಎಣ್ಣೆ ಒಳಗೆ ಇಳಿದು ಸೋಂಕು ಆಗಬಹುದು. ಬಿಸಿ ಅಂದಾಜು ತಪ್ಪಿ ಸುಟ್ಟುಕೊಂಡವರನ್ನೂ ನೋಡಿದ್ದೇನೆ. ಹೇರ್‌ಪಿನ್, ಬೆಂಕಿಕಡ್ಡಿ, ಬಡ್ಸ್ ಕೂಡ ಬೇಡ.

ನಾನು ಶ್ರವಣ ತಜ್ಞೆ, ಆಡಿಯಾಲಜಿಸ್ಟ್. ಕಿವಿ ಕೇಳಿಸುವ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಔಷಧ ಬರೆಯುವವಳಲ್ಲ.

ಹೊಲಿಗೆಮನೆ ಅವರೇ, ಶಿರಸಿಯವರ ಶಬ್ದಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಇದೆ ಅನ್ನಿಸುತ್ತಿದೆ. ಅವರದು ಒಂದೇ ಸಮನೆ ಕೀ. ನಿಮ್ಮದು ಬಿಟ್ಟು ಬಿಟ್ಟು ಜುಯ್ ಜುಯ್. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಶಬ್ದ ಕೇಳುವಾಗ ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಡಿ. ಶಬ್ದ ನಾಡಿಯ ಜೊತೆಗೇ ಬರುತ್ತಿದೆಯಾ, ಬೇರೆ ತಾಳದಲ್ಲಿದೆಯಾ? ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬದಲಾಗುತ್ತದೆಯಾ? ಕುತ್ತಿಗೆಯನ್ನು ಒತ್ತಿ ನೋಡಲು ಹೋಗಬೇಡಿ, ಅದನ್ನು ಡಾಕ್ಟರು ಮಾಡುತ್ತಾರೆ.

ಇನ್ನೂ ಕೆಲವು ವಿಷಯ ಬೇಕು. ತಲೆನೋವು ಇದೆಯಾ? ಬಗ್ಗಿದಾಗ ಕಣ್ಣು ಮಂಜಾಗುತ್ತದೆಯಾ? ತಲೆಸುತ್ತು? ಬೇರೆ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ? ಮುಟ್ಟು ಹೇಗಿದೆ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯಾ?

ರಾತ್ರಿಪಾಳಿ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದು ಬೇರೆ ಥರ. ಕಣ್ಣು ಮುಚ್ಚಿ ಇನ್ನೇನು ನಿದ್ದೆ ಹತ್ತಬೇಕು, ಆಗ ತಲೆಯೊಳಗೆ ಢಂ ಅಂತ ಪಟಾಕಿ ಸಿಡಿದ ಹಾಗೆ ಸದ್ದು. ಎದ್ದು ಕೂತರೆ ಮನೆಯಲ್ಲಿ ಎಲ್ಲರೂ ನಿದ್ದೆ. ನೋವಿಲ್ಲ. ಎದೆ ಮಾತ್ರ ಹೊಡೆದುಕೊಳ್ಳುತ್ತದೆ. ನೈಟ್ ಶಿಫ್ಟ್ ಇದ್ದ ವಾರ ಜಾಸ್ತಿ. ಮಿದುಳಲ್ಲಿ ನರ ಏನಾದರೂ ಒಡೀತಿದೆಯಾ ಅಂತ ಭಯ.

ಕಿವಿಮಾತು

ರಾತ್ರಿಪಾಳಿ, ನೀವು ಹೇಳಿದ ರೀತಿ ನೋಡಿದರೆ ಇದು ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್ ಅನ್ನುವುದಕ್ಕೆ ಹೊಂದುತ್ತದೆ. ಹೆಸರು ಮಾತ್ರ ಭಯಾನಕ. ಒಳಗೆ ಏನೂ ಸಿಡಿಯುವುದಿಲ್ಲ, ಒಡೆಯುವುದಿಲ್ಲ. ವೀರ್ ಮಿಚೆಲ್ ಅನ್ನುವ ಅಮೆರಿಕದ ವೈದ್ಯರು 1876ರಲ್ಲೇ ಇಂಥದ್ದನ್ನು ಬರೆದಿಟ್ಟಿದ್ದರು. ಈಗಿನ ಹೆಸರು ಬಂದಿದ್ದು 1980ರ ದಶಕದ ಕೊನೆಯಲ್ಲಿ, ಪಿಯರ್ಸ್ ಅನ್ನುವ ಇಂಗ್ಲೆಂಡಿನ ನರರೋಗ ತಜ್ಞರಿಂದ. ನಿದ್ದೆಗೆಟ್ಟವರಲ್ಲಿ, ತುಂಬಾ ಒತ್ತಡದಲ್ಲಿ ಇರುವವರಲ್ಲಿ ಜಾಸ್ತಿ ಕಾಣುತ್ತದೆ. ಎಷ್ಟೋ ಜನರಿಗೆ ಇದು ಅಪಾಯ ಅಲ್ಲ ಅಂತ ಗೊತ್ತಾದ ಮೇಲೆ ಬರುವುದೇ ಕಡಿಮೆ ಆಗುತ್ತದೆ. ಒಮ್ಮೆ ಡಾಕ್ಟರಿಗೆ ಹೇಳಿ. ನಿದ್ದೆ ಸರಿಮಾಡಿಕೊಳ್ಳಿ.

ಒಂದು ಎಚ್ಚರ ಇರಲಿ. ಸದ್ದಿನ ಜೊತೆ ಹಿಂದೆಂದೂ ಬಾರದಂಥ ತಲೆನೋವು ಸಿಡಿಲು ಹೊಡೆದ ಹಾಗೆ ಒಮ್ಮೆಲೇ ಬಂದರೆ, ಕೈಕಾಲು ಸ್ವಾಧೀನ ತಪ್ಪಿದರೆ, ಆವತ್ತು ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ರಾತ್ರಿಪಾಳಿ

ಇದಕ್ಕೆ ಒಂದು ಹೆಸರಿದೆ ಅಂತ ಗೊತ್ತಾಗಿದ್ದೇ ಅರ್ಧ ಭಾರ ಇಳಿಸಿತು ಮೇಡಂ. ನಾಲ್ಕು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ಹೊಲಿಗೆಮನೆ

ಮೇಡಂ, ರಾತ್ರಿ ನೀವು ಹೇಳಿದ ಹಾಗೆ ನಾಡಿ ಹಿಡಿದು ನೋಡಿದೆ. ಎರಡೂ ಒಂದೇ! ಬೆರಳಿಗೆ ಒಂದು ಬಡಿತ, ತಲೆಯೊಳಗೆ ಒಂದು ಜುಯ್. ಯಜಮಾನರು ಗಡಿಯಾರ ಹಿಡಿದು ನಾಡಿ ಎಣಿಸಿದರು. ನಾನು ಕಣ್ಣು ಮುಚ್ಚಿ ಶಬ್ದ ಎಣಿಸಿದೆ. ನಿಮಿಷಕ್ಕೆ ಇಬ್ಬರಿಗೂ 104 ಬಂತು. ಇದುವರೆಗೆ ಅವರಿಗೆ ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಈಗ ಬಂದಿದೆ.

ಬಲಕ್ಕೆ ತಿರುಗಿದರೆ ಶಬ್ದ ಕಡಿಮೆ ಆಗುತ್ತದೆ, ಎಡಕ್ಕೆ ತಿರುಗಿದರೆ ಜಾಸ್ತಿ.

ತಲೆನೋವು ಅಪರೂಪಕ್ಕೆ. ಕಣ್ಣು ಮಂಜಾಗುವುದಿಲ್ಲ. ಮಾತ್ರೆ ಯಾವುದೂ ಇಲ್ಲ. ಮುಟ್ಟು ಎಂಟು ಒಂಬತ್ತು ದಿನ ಹೋಗುತ್ತದೆ, ಗೆಡ್ಡೆ ಗೆಡ್ಡೆಯಾಗಿ. ಎರಡು ವರ್ಷದಿಂದ ಹೀಗೇ. ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಮಧ್ಯದಲ್ಲಿ ಒಮ್ಮೆ ನಿಲ್ಲುತ್ತೇನೆ. ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ. ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತದೆ. ಡಬ್ಬಿ ತೆಗೆದಾಗಲೆಲ್ಲ ಒಂದು ಹಿಡಿ ಬಾಯಿಗೆ.

ಕಿವಿಮಾತು

ಸಂಬಂಧ ಖಂಡಿತ ಇರಬಹುದು. ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸು ತಿನ್ನುವ ಆಸೆ ಹುಟ್ಟುತ್ತದೆ. ನೀವು ಹೇಳಿದ್ದೆಲ್ಲ ಸೇರಿಸಿ ನೋಡಿದರೆ ಮೊದಲು ರಕ್ತ ನೋಡಬೇಕು ಅನ್ನಿಸುತ್ತದೆ.

ನಾಡಿ ಜೊತೆ ಬರುವ ಶಬ್ದಕ್ಕೆ ಪಲ್ಸಟೈಲ್ ಟಿನ್ನಿಟಸ್ ಅನ್ನುತ್ತಾರೆ. ಇದು ಕಲ್ಪನೆ ಅಲ್ಲ. ಸಾಮಾನ್ಯವಾಗಿ ನಿಮ್ಮ ರಕ್ತ ಹರಿಯುವ ಸದ್ದೇ ನಿಮಗೆ ಕೇಳುತ್ತಿರುತ್ತದೆ. ಒಳಗಿವಿಯ ಪಕ್ಕದಲ್ಲೇ ದೊಡ್ಡ ರಕ್ತನಾಳಗಳು ಹಾದುಹೋಗುತ್ತವೆ. ನಡುವೆ ಇರುವುದು ತೆಳು ಮೂಳೆ. ರಕ್ತ ಶಾಂತವಾಗಿ ಹರಿದರೆ ಸದ್ದಿಲ್ಲ. ರಕ್ತಹೀನತೆ ಆದರೆ ರಕ್ತ ತೆಳುವಾಗುತ್ತದೆ, ಹೃದಯ ಜೋರಾಗಿ ತಳ್ಳುತ್ತದೆ. ಮಳೆಗಾಲದ ಹಳ್ಳದ ಹಾಗೆ ಸದ್ದು ಮಾಡಿಕೊಂಡು ಹರಿಯುತ್ತದೆ. ಥೈರಾಯ್ಡ್ ಜಾಸ್ತಿಯಾದರೂ, ಗರ್ಭಿಣಿಯರಲ್ಲೂ, ಬಿಪಿ ಏರಿದರೂ ಹೀಗೆ ಆಗಬಹುದು. ಅಪರೂಪಕ್ಕೆ ರಕ್ತನಾಳದ್ದೇ ತೊಂದರೆ ಇರುತ್ತದೆ. ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರಿದಾಗಲೂ ಬರುತ್ತದೆ.

ಅದಕ್ಕೇ ಈ ಶಬ್ದವನ್ನು ಟೆನ್ಷನ್ ಅಂತ ಬಿಡಬಾರದು. ಇಎನ್‌ಟಿ (ಕಿವಿ, ಮೂಗು, ಗಂಟಲು) ಡಾಕ್ಟರ ಹತ್ತಿರ ಹೋಗಿ, "ನಾಡಿ ಜೊತೆಗೇ ಬರುತ್ತದೆ, ಎಣಿಸಿ ನೋಡಿದ್ದೇವೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. "ಕಿವಿಯಲ್ಲಿ ಶಬ್ದ" ಅಂತ ಶುರು ಮಾಡಿದರೆ ಗುಗ್ಗೆ ನೋಡಿ ಕಳಿಸಿಬಿಡುತ್ತಾರೆ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂಶ), ಟಿಎಸ್‌ಎಚ್ (ಥೈರಾಯ್ಡ್) ರಕ್ತ ಪರೀಕ್ಷೆ ಬರೆಸಿಕೊಳ್ಳಿ. ಬಿಪಿ ನೋಡಿಸಿ. ಕೇಳಿಸುವ ಪರೀಕ್ಷೆ ಮಾಡಿಸಿ. ಕಣ್ಣಿನ ಡಾಕ್ಟರ ಹತ್ತಿರ ಹನಿ ಹಾಕಿಸಿ ಕಣ್ಣಿನ ಹಿಂಭಾಗವನ್ನೂ ನೋಡಿಸಿ. ಸ್ಕ್ಯಾನ್ ಬೇಕೋ ಬೇಡವೋ ಅಂತ ಅವರು ಆಮೇಲೆ ಹೇಳುತ್ತಾರೆ.

ಜೀರುಂಡೆ_ಶಿರಸಿ

ಅಕ್ಕ, ನಾನು ಸಾಕು, ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದೆ. ನನ್ನದೇ ಅಳತೆಯಲ್ಲಿ ನಿಮ್ಮದನ್ನೂ ಅಳೆದುಬಿಟ್ಟೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ದಯವಿಟ್ಟು ತೋರಿಸಿ.

ಮೇಡಂ, ಒಂದು ಪ್ರಶ್ನೆ. ಕಿವಿ ಇನ್ನೂ ಚೆನ್ನಾಗಿ ಕೇಳುವ ನನ್ನ ಸ್ನೇಹಿತನಿಗೂ ರಾತ್ರಿ ಕೀ ಅನ್ನುತ್ತದಂತೆ. ಅದು ಹೇಗೆ?

ಕಿವಿಮಾತು

1953ರಲ್ಲಿ ಹೆಲ್ಲರ್, ಬರ್ಗ್‌ಮನ್ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಕಿವಿ ಚೆನ್ನಾಗಿರುವ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದರು. ಏನಾದರೂ ಕೇಳುತ್ತದೆಯಾ ಅಂತ ಕೇಳಿದರೆ 94% ಜನ ಹೌದು, ಗುಂಯ್ ಅನ್ನುತ್ತದೆ, ಕೀ ಅನ್ನುತ್ತದೆ ಅಂದರು. ಹೊರಗಿನ ಸದ್ದು ನಿಂತಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ ಅಂದುಕೊಳ್ಳಿ. ಕಿವಿ ಮಂದವಾದಾಗಲೂ ಹಾಗೆಯೇ ಆಗುತ್ತದೆ.

ಮಗ್ಗದಮನೆ

ನನ್ನ ಅನುಭವವನ್ನೂ ಹೇಳುತ್ತೇನೆ. ದೊಡ್ಡಬಳ್ಳಾಪುರದಲ್ಲಿ 31 ವರ್ಷ ಪವರ್‌ಲೂಮ್ ಓಡಿಸಿದ್ದೇನೆ. ಒಂದು ಶೆಡ್ಡಿನಲ್ಲಿ ಎಂಟು ಮಗ್ಗ. ಒಬ್ಬರಿಗೊಬ್ಬರು ಕಿರುಚಿಯೇ ಮಾತು. ಕಿವಿಗೆ ಹತ್ತಿ ಕೂಡ ಇಟ್ಟವರಲ್ಲ ನಾವು. ಈಗ 63. ಎರಡೂ ಕಿವಿಯಲ್ಲಿ ಕುಕ್ಕರ್ ವಿಶಲ್ ಬರುವ ಮೊದಲು ಸುಯ್ ಅನ್ನುತ್ತಲ್ಲ, ಆ ಸದ್ದು. ಮೊಮ್ಮಗಳು ಮಾತಾಡಿದರೆ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಅರ್ಧ ಪದ ಸಿಗುತ್ತಿರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗ ಕರೆದುಕೊಂಡು ಹೋದ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ, ಕೇಳಿದಾಗ ಬೆರಳೆತ್ತಿ ಅಂದರು. ಗ್ರಾಫ್ 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಇಳಿದಿತ್ತು. ಇದು ಗದ್ದಲದಿಂದಲೇ ಆದದ್ದು ಅಂದರು. ಎರಡೂ ಕಿವಿಗೆ ಮಿಷನ್ ಹಾಕಿಕೊಂಡೆ. ಮೊಮ್ಮಗಳ ಮಾತೂ ಸಿಕ್ಕಿತು, ಸುಯ್ ಅನ್ನುವುದೂ ಹಗಲು ಹಿಂದೆ ಸರಿಯಿತು. ಮಿಷನ್ ತೆಗೆದು ಮಲಗಿದರೆ ಇದೆ.

ಈಗ ಮಗ್ಗದಲ್ಲಿರುವ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ, ಕಿವಿಗೆ ಪ್ಲಗ್ ಹಾಕಿಕೊಳ್ಳಿ. ಹೋದ ಕಿವಿ ವಾಪಸ್ ಬರುವುದಿಲ್ಲ.

ರಂಗೋಲಿ_ಹುಬ್ಬಳ್ಳಿ

ಹೊಲಿಗೆಮನೆ ಅಕ್ಕ, ಕಣ್ಣಿನ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ನನ್ನ ಕಥೆ ಕೇಳಿ.

ನನಗೂ ಇದೇ ಜುಯ್ ಜುಯ್. ಆಗ 29. ಒಂದು ವರ್ಷದಲ್ಲಿ 14 ಕೆಜಿ ಏರಿದ್ದೆ. ದಿನಾ ಬೆಳಿಗ್ಗೆ ತಲೆನೋವು. ಮೈಗ್ರೇನ್ ಅಂದರು, ಟೆನ್ಷನ್ ಅಂದರು. ವರ್ಷಪೂರ್ತಿ ಗುಳಿಗೆ ನುಂಗಿದೆ. ಒಂದು ದಿನ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿದ್ದೆ. ಎದ್ದು ನಿಂತೆ. ಎರಡೂ ಕಣ್ಣು ಕಪ್ಪಾಯಿತು. ನಾಲ್ಕೈದು ಸೆಕೆಂಡು ಅಷ್ಟೇ, ಮತ್ತೆ ಎಲ್ಲ ಕಾಣಿಸಿತು. ಮರುದಿನವೂ ಹಾಗೇ ಆಯಿತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಹನಿ ಹಾಕಿ ಒಳಗೆ ನೋಡಿದವರೇ, "ಇವತ್ತೇ ನ್ಯೂರಾಲಜಿಸ್ಟ್ ಹತ್ತಿರ ಹೋಗಿ" ಅಂದರು. ಕಣ್ಣಿನ ನರದ ತುದಿ ಊದಿಕೊಂಡಿತ್ತು.

ಎಂಆರ್‌ಐ ಆಯಿತು, ಅದರಲ್ಲಿ ಗೆಡ್ಡೆ ಇರಲಿಲ್ಲ. ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆದರು. 25ರ ಒಳಗೆ ಇರಬೇಕಾದದ್ದು 36 ಇತ್ತು. ಕಾರಣ ಗೊತ್ತಾಗದೆ ಮಿದುಳಿನ ಸುತ್ತಲಿನ ದ್ರವದ ಒತ್ತಡ ಏರುವ ಇದಕ್ಕೆ ಐಐಎಚ್ ಅನ್ನುತ್ತಾರಂತೆ. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ, ತೂಕ ಏರಿದವರಲ್ಲಿ ಜಾಸ್ತಿ. ಅಸೆಟಜೋಲಮೈಡ್ ಮಾತ್ರೆ ಕೊಟ್ಟರು. ಬೆರಳ ತುದಿ ಜುಮುಜುಮು ಅನ್ನುತ್ತಿತ್ತು, ಸೋಡಾ ಕುಡಿದರೆ ಸಪ್ಪೆ. ತೂಕ ಇಳಿಸಲೇಬೇಕು ಅಂದರು, ಇಳಿಸಿದೆ. ಶಬ್ದ ನಿಂತಿದೆ. ಆದರೆ ಎಡಗಣ್ಣಿನ ಅಂಚಿನಲ್ಲಿ ಒಂದು ಪಟ್ಟಿಯಷ್ಟು ಜಾಗ ಈಗಲೂ ಕಾಣುವುದಿಲ್ಲ. ಆ ವರ್ಷದಲ್ಲಿ ಯಾರಾದರೂ ಒಮ್ಮೆ ಕಣ್ಣಿಗೆ ಹನಿ ಹಾಕಿ ನೋಡಿದ್ದರೆ ಅದೂ ಉಳಿಯುತ್ತಿತ್ತು.

ಹೊಲಿಗೆಮನೆ

ಓದಿ ಕಣ್ಣಲ್ಲಿ ನೀರು ಬಂತು ತಂಗಿ. ಸೋಮವಾರ ಹೋಗುತ್ತಿದ್ದೇನೆ.

ಅಣ್ಣನತಂಗಿ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನನ್ನ ಅಣ್ಣನಿಗೆ 24. ಅವನಿಗೆ ಜುಯ್ ಅಲ್ಲ, ಮಾತು ಕೇಳುತ್ತದಂತೆ. ಇಬ್ಬರು ಗಂಡಸರು ಅವನ ಬಗ್ಗೆಯೇ ಮಾತಾಡಿಕೊಳ್ಳುತ್ತಾರಂತೆ, ಬೈಯುತ್ತಾರಂತೆ. ರಾತ್ರಿ ನಿದ್ದೆ ಇಲ್ಲ. ಅಪ್ಪ ಯಾವುದೋ ದರ್ಗಾಕ್ಕೂ ಕರೆದುಕೊಂಡು ಹೋದರು, ದೇವರ ಹತ್ತಿರವೂ ಕೇಳಿಸಿದರು. ಇದೂ ಕಿವಿಯದೇ ತೊಂದರೆಯಾ?

ಕಿವಿಮಾತು

ಖಂಡಿತ ಕೇಳಬಹುದು ಪುಟ್ಟಾ. ಇದು ಕಿವಿಯದಲ್ಲ ಅನ್ನಿಸುತ್ತದೆ. ಅರ್ಥವಾಗುವ ಮಾತು ಕೇಳುವುದು, ಅದು ಬೈಯುವುದು, ನಿದ್ದೆ ಕೆಡುವುದು, ಇವೆಲ್ಲ ಒಟ್ಟಿಗೆ ಇದ್ದರೆ ಮನೋವೈದ್ಯರಿಗೆ ತೋರಿಸಬೇಕು. ವಯಸ್ಸಾಗಿ ಕಿವಿ ಮಂದವಾದವರಿಗೂ ಭಜನೆ, ಹಳೆಯ ಹಾಡು ಕೇಳಿಸುವುದುಂಟು. ಅವರ ಬುದ್ಧಿ ಸರಿಯಾಗಿಯೇ ಇರುತ್ತದೆ, ಅದು ಬೇರೆ. ನಿಮ್ಮ ಅಣ್ಣನದು ಹಾಗೆ ಕಾಣುವುದಿಲ್ಲ.

ಇದಕ್ಕೆ ಒಳ್ಳೆ ಔಷಧ ಇದೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್ ಇದೆ. ಈಗಲೇ ಯಾರ ಹತ್ತಿರವಾದರೂ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. "ಅದೆಲ್ಲ ಸುಳ್ಳು" ಅಂತ ಅಣ್ಣನ ಜೊತೆ ವಾದ ಮಾಡಬೇಡಿ. ಅವನಿಗೆ ನಿಜವಾಗಿ ಕೇಳುತ್ತಿದೆ. "ನಿನಗೆ ಎಷ್ಟು ಕಷ್ಟ ಆಗುತ್ತಿರಬೇಕು, ನಿದ್ದೆಗಾದರೂ ತೋರಿಸೋಣ ಬಾ" ಅನ್ನಿ. ಸತ್ತುಹೋಗು ಅಂತ ಆ ದನಿಗಳು ಹೇಳುತ್ತಿದ್ದರೆ ಅವನನ್ನು ಒಬ್ಬನೇ ಬಿಡಬೇಡಿ, ಇವತ್ತೇ ಹೊರಡಿ.

ಅಣ್ಣನತಂಗಿ

ನಿದ್ದೆಗೆ ಅಂದಿದ್ದಕ್ಕೆ ಒಪ್ಪಿಕೊಂಡ ಮೇಡಂ. ನಾಳೆ ಬೆಳಿಗ್ಗೆ ಬಸ್ಸು.

ಹೊಲಿಗೆಮನೆ

ತೋರಿಸಿಕೊಂಡು ಬಂದೆ. ಬರೆಯುವುದು ತುಂಬಾ ಇದೆ.

ಇಎನ್‌ಟಿ ಡಾಕ್ಟರಮ್ಮ ವಯಸ್ಸಾದವರು. ಕಿವಿಮಾತು ಮೇಡಂ ಹೇಳಿದ ವಾಕ್ಯವನ್ನೇ ಮೊದಲು ಹೇಳಿದೆ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಸ್ಟೆತಸ್ಕೋಪ್ ತಗೊಂಡು ಮೊದಲು ಕಿವಿಯ ಹಿಂದೆ, ಆಮೇಲೆ ಕುತ್ತಿಗೆಯ ಬಲಗಡೆ ಇಟ್ಟರು. ಉಸಿರು ಹಿಡಿದುಕೋ ಅಂದರು. ಸ್ವಲ್ಪ ಹೊತ್ತು ಆಲಿಸಿ, "ಹೂಂ, ನನಗೂ ಕೇಳುತ್ತಿದೆಯಮ್ಮ" ಅಂದರು.

ನನಗೆ ಅಲ್ಲೇ ಅಳು ಬಂತು. ಎರಡು ತಿಂಗಳು ನಾನೊಬ್ಬಳೇ ಕೇಳಿಸಿಕೊಂಡಿದ್ದು ಅದು.

ಕುತ್ತಿಗೆಯ ಮೇಲೆ ಬೆರಳಿಂದ ಮೆತ್ತಗೆ ಒತ್ತಿದರು. ಶಬ್ದ ಟಪ್ ಅಂತ ನಿಂತುಹೋಯಿತು. ಬೆರಳು ತೆಗೆದರು, ಮತ್ತೆ ಬಂತು. ಇದು ಹೃದಯಕ್ಕೆ ವಾಪಸ್ ಹೋಗುವ ರಕ್ತನಾಳದ ಸದ್ದು ಅಂದರು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, "ಬಿಳಿಚಿಕೊಂಡಿದ್ದೀಯಲ್ಲ" ಅಂದರು.

ಹಿಮೋಗ್ಲೋಬಿನ್ 6.4. ಇರಬೇಕಾದದ್ದು 12. ಫೆರಿಟಿನ್ 4. ಥೈರಾಯ್ಡ್ ಸರಿ, ಬಿಪಿ ಸರಿ, ಕೇಳಿಸುವ ಪರೀಕ್ಷೆ ಸರಿ. ಕಣ್ಣಿನ ನರವೂ ಸರಿ ಇದೆ, ರಂಗೋಲಿ ತಂಗಿ. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗೆಡ್ಡೆ) ಇದೆ, 5 ಸೆಂಟಿಮೀಟರ್. ಮುಟ್ಟು ಅಷ್ಟು ಹೋಗುತ್ತಿದ್ದುದು ಅದರಿಂದಲೇ. ನಾಳೆ ಡ್ರಿಪ್‌ನಲ್ಲಿ ಐರನ್ ಹಾಕುತ್ತಾರೆ, ವಾರ ಬಿಟ್ಟು ಇನ್ನೊಂದು. ಮುಟ್ಟು ಕಡಿಮೆ ಮಾಡಲು ಬೇರೆ ಮಾತ್ರೆ ಕೊಟ್ಟಿದ್ದಾರೆ. ರಕ್ತ ಸರಿಯಾದ ಮೇಲೂ ಶಬ್ದ ಉಳಿದರೆ ಎಂಆರ್‌ಐ ಮಾಡಿಸೋಣ, ಈಗಲೇ ಬೇಡ ಅಂದರು.

ಕಿವಿಮಾತು

ನನಗೆಷ್ಟು ಸಮಾಧಾನ ಆಯಿತು ಗೊತ್ತಾ. ಆಮೇಲೆ ಐರನ್ ಮಾತ್ರೆ ಶುರುವಾದರೆ ಊಟದ ಜೊತೆ ಕಾಫಿ ಟೀ ಬೇಡ. ನಿಂಬೆರಸದ ಜೊತೆ ತಗೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ಹಿಮೋಗ್ಲೋಬಿನ್ ಸರಿಹೋಯಿತು ಅಂತ ಮಧ್ಯದಲ್ಲಿ ಬಿಡಬೇಡಿ, ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಿ.

ಬೇವಿನಮರ

ಒಳ್ಳೆಯದಾಗಲಿ ತಂಗಿ. ಕಿವಿಗೆ ಎಣ್ಣೆ ಹಾಕು ಅಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಮ್ಮ ಮನೆಯಲ್ಲೂ ಇನ್ನು ಹಾಕುವುದಿಲ್ಲ.

ಕಡಲತೀರ

ನನ್ನ ಬಲಗಿವಿ ನಿನ್ನೆ ಬೆಳಿಗ್ಗೆ ಏಳುವಾಗ ಪೂರ್ತಿ ಮುಚ್ಚಿಕೊಂಡ ಹಾಗಿದೆ. ಗುಂಯ್ ಅನ್ನುತ್ತಿದೆ, ಫೋನ್ ಇಟ್ಟರೆ ಏನೂ ಕೇಳುತ್ತಿಲ್ಲ. ನೆಗಡಿ ಇರಬಹುದು, ವಾರ ನೋಡೋಣ ಅಂದುಕೊಂಡಿದ್ದೇನೆ.

ಕಿವಿಮಾತು

ಕಡಲತೀರ, ವಾರ ನೋಡಬೇಡಿ. ಇವತ್ತೇ ಇಎನ್‌ಟಿ ಹತ್ತಿರ ಹೋಗಿ, ಕೇಳಿಸುವ ಪರೀಕ್ಷೆ ಮಾಡಿಸಿ. ಗುಗ್ಗೆಯೋ ನೆಗಡಿಯೋ ಆದರೆ ಒಳ್ಳೆಯದೇ. ಒಳಗಿವಿಯ ನರ ಒಮ್ಮೆಲೇ ಕೈಕೊಟ್ಟಿದ್ದರೆ ಸ್ಟೀರಾಯ್ಡ್ ಬೇಗ ಶುರು ಮಾಡಬೇಕು. ಎರಡು ವಾರ ದಾಟಿದರೆ ಪ್ರಯೋಜನ ತುಂಬಾ ಕಡಿಮೆ.

ಕಡಲತೀರ

ಹೊರಟೆ ಮೇಡಂ.

ಹೊಲಿಗೆಮನೆ

ಮೂರು ತಿಂಗಳಾಯಿತು. ಹಿಮೋಗ್ಲೋಬಿನ್ 11.3. ಶಬ್ದ ಆರನೇ ವಾರದ ಹೊತ್ತಿಗೆ ಕಡಿಮೆಯಾಯಿತು. ಯಾವ ದಿನ ಪೂರ್ತಿ ನಿಂತಿತು ಅಂತ ಗೊತ್ತಿಲ್ಲ. ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಎಚ್ಚರವಾಯಿತು. ನಾಯಿ ಬೊಗಳುವುದು ಕೇಳಿತು, ಯಜಮಾನರ ಗೊರಕೆ ಕೇಳಿತು. ಅಷ್ಟೇ ಇತ್ತು. ತಾರಸಿಗೆ ಈಗ ಒಂದೇ ಉಸಿರಿಗೆ ಹತ್ತುತ್ತೇನೆ. ಅಕ್ಕಿ ಡಬ್ಬಿ ತೆಗೆದರೆ ಅನ್ನಕ್ಕೆ ಮಾತ್ರ. ಫೈಬ್ರಾಯ್ಡ್‌ಗೆ ಏನು ಮಾಡಬೇಕು ಅಂತ ಮುಂದಿನ ತಿಂಗಳು ಹೇಳುತ್ತಾರೆ.

ಮಗಳು ಹತ್ತನೇ ಕ್ಲಾಸು. ಅವಳೂ ಸೀಮೆಸುಣ್ಣ ಚೀಪುತ್ತಾಳೆ ಅಂತ ಅವಳ ತಮ್ಮ ಹೇಳಿದ. ಹೋದ ವಾರ ಅವಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟು ಬಂದೆ. ಹಿಮೋಗ್ಲೋಬಿನ್ 8.9 ಬಂದಿದೆ. ಇವತ್ತಿನಿಂದ ಇಬ್ಬರೂ ಒಟ್ಟಿಗೆ ಕೂತು ಮಾತ್ರೆ ನುಂಗುತ್ತಿದ್ದೇವೆ.